ಮೇಷ್ಟರ ಪಕ್ಕದಲ್ಲೋ, ಮೇಷ್ಟರ ಕುರ್ಚಿಯಲ್ಲೋ?



1953ರ ನವೆಂಬರ್ 11ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳ ಶಾಲೆಗೆ ಹೋಗಿದ್ದರು. ಅಂದು ತಂದೆಯಂದಿರು ಬಂದು ಪಾಠ ನೋಡುವ ದಿನ. ನಾಲ್ಕನೆಯ ತರಗತಿಯ ಗಣಿತದ ಪಾಠ ನಡೆದಿತ್ತು. ತರಗತಿಯ ಹಿಂದೆ ಕುಳಿತಿದ್ದ ಸ್ಕಿನ್ನರ್ ಅವರ ಕಣ್ಣಿಗೆ ಎರಡು ಸಂಗತಿಗಳು ಬಿದ್ದವು. ಕೆಲವು ಮಕ್ಕಳು ಲೆಕ್ಕ ಮುಗಿಸಿ ಏನೂ ತೋಚದೆ ಅತ್ತಿತ್ತ ನೋಡುತ್ತಿದ್ದರೆ, ಇನ್ನು ಕೆಲವರು ಮೊದಲ ಲೆಕ್ಕದಲ್ಲೇ ತಿಣುಕುತ್ತಿದ್ದರು. ಆದರೂ ಎಲ್ಲರೂ ಒಂದೇ ವೇಗದಲ್ಲಿ ನಡೆಯಬೇಕಿತ್ತು. ಇದು ಒಂದು. ಬರೆದ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಮಕ್ಕಳು ಮರುದಿನದವರೆಗೆ ಕಾಯಬೇಕಿತ್ತು. ಇದು ಇನ್ನೊಂದು.

ಈ ಎರಡು ಕೊರತೆಗಳು ಅಮೆರಿಕಕ್ಕೆ ಮಾತ್ರ ಸೇರಿದವಲ್ಲ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಹಾಜರಿ ಪುಸ್ತಕವನ್ನೂ ನೋಡಿಕೊಳ್ಳುವ ಏಕೋಪಾಧ್ಯಾಯ ಶಾಲೆಯ ಮೇಷ್ಟರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ಮುಂದಿರುವವರಿಗೆ ಬೇಸರ, ಹಿಂದಿರುವವರಿಗೆ ಭಯ, ನಡುವಿನವರಿಗಷ್ಟೇ ಪಾಠ.

ಶಿಕ್ಷಣದಲ್ಲಿ ಕಂಪ್ಯೂಟರಿನ ಭವಿಷ್ಯದ ಬಗ್ಗೆ ಮಾತನಾಡುವಾಗ ಈ ಹಳೆಯ ಘಟನೆಯಿಂದ ಆರಂಭಿಸಲು ಕಾರಣವಿದೆ. ಇಂದು ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಶಾಲೆಗಳಿಗೆ ನೀಡಲಾಗುತ್ತಿರುವ ಭರವಸೆಗಳು ಎರಡೇ: ಪ್ರತಿ ಮಗುವಿಗೂ ಅದರದೇ ವೇಗದಲ್ಲಿ ಪಾಠ, ಪ್ರತಿ ಉತ್ತರಕ್ಕೂ ಆ ಕ್ಷಣವೇ ಪ್ರತಿಕ್ರಿಯೆ. ಯಂತ್ರ ಹೊಸದಾದರೂ ಆಸೆಗೆ ಎಪ್ಪತ್ತು ವರ್ಷ ದಾಟಿದೆ. ಈ ಎಪ್ಪತ್ತು ವರ್ಷಗಳಲ್ಲಿ ಶಾಲೆಗೆ ಬಂದ ಯಂತ್ರಗಳಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಮೂಲೆ ಸೇರಿತು ಎಂಬುದನ್ನು ನೋಡಿದರೆ ಮುಂದಿನ ದಾರಿಯ ಬಗ್ಗೆ ಒಂದಿಷ್ಟು ತಿಳಿವಳಿಕೆ ಮೂಡಬಹುದು.

ಪೆಟ್ಟಿಗೆಯಿಂದ ಆಮೆಯವರೆಗೆ

ಸ್ಕಿನ್ನರ್ ಮನೆಗೆ ಹಿಂತಿರುಗಿದವರೇ ಒಂದು ಬೋಧನಾ ಯಂತ್ರದ ಮಾದರಿ ತಯಾರಿಸಲು ತೊಡಗಿದರು. ಮರುವರ್ಷ, 1954ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ಅದರ ಪ್ರದರ್ಶನ ನಡೆಯಿತು. ಅದೊಂದು ಪೆಟ್ಟಿಗೆ, ಕಂಪ್ಯೂಟರ್ ಅಲ್ಲ. ಕಿಂಡಿಯಲ್ಲಿ ಒಂದು ಲೆಕ್ಕ ಕಾಣಿಸುತ್ತಿತ್ತು. ಮಗು ಉತ್ತರ ಹೊಂದಿಸಬೇಕು. ಸರಿಯಾದರೆ ಮುಂದಿನ ಲೆಕ್ಕ ಬರುತ್ತಿತ್ತು, ತಪ್ಪಾದರೆ ಅದೇ ಲೆಕ್ಕ ನಿಲ್ಲುತ್ತಿತ್ತು. ಮಗು ತನ್ನ ವೇಗದಲ್ಲಿ ಸಾಗಬಹುದಿತ್ತು, ಉತ್ತರ ಕೂಡಲೇ ತಿಳಿಯುತ್ತಿತ್ತು. ಆದರೆ ಮಗು ಏಕೆ ತಪ್ಪಿತು ಎಂಬುದು ಪೆಟ್ಟಿಗೆಗೆ ತಿಳಿಯುತ್ತಿರಲಿಲ್ಲ.

1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಆ ವ್ಯವಸ್ಥೆಯ ಹೆಸರು ಪ್ಲೇಟೋ. ಎಪ್ಪತ್ತರ ದಶಕದ ಹೊತ್ತಿಗೆ ಬೆರಳಿನಿಂದ ಮುಟ್ಟಿ ಉತ್ತರಿಸುವ ಪರದೆ, ದೂರದಲ್ಲಿರುವವರೊಡನೆ ಅಕ್ಷರಗಳಲ್ಲೇ ಹರಟೆ ಹೊಡೆಯುವ ಸೌಲಭ್ಯ ಎಲ್ಲವೂ ಅದರಲ್ಲಿದ್ದವು. ಇಂದು ಹೊಸದೆಂದು ತೋರುವ ಎಷ್ಟೋ ಸಂಗತಿಗಳು ಅಲ್ಲಿ ಆಗಲೇ ಬಳಕೆಯಲ್ಲಿದ್ದವು. ಆದರೆ ಅದರ ಖರ್ಚು ಸಾಮಾನ್ಯ ಶಾಲೆಗಳ ಕೈಗೆ ನಿಲುಕುವಂಥದ್ದಾಗಿರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಯೋಚಿಸಿದವರು ಗಣಿತಜ್ಞ ಸೆಮೂರ್ ಪೇಪರ್ಟ್. ಯಂತ್ರ ಮಗುವಿಗೆ ಪಾಠ ಹೇಳುವ ಬದಲು ಮಗುವೇ ಯಂತ್ರಕ್ಕೆ ಪಾಠ ಹೇಳಲಿ ಎಂಬುದು ಅವರ ನಿಲುವು. 1967ರಲ್ಲಿ ಅವರು ಸಂಗಡಿಗರೊಂದಿಗೆ ರೂಪಿಸಿದ ಲೋಗೋ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಕ್ಕಳು ಒಂದು ಆಮೆಗೆ ಅಪ್ಪಣೆ ಕೊಡುತ್ತಾರೆ: ಮುಂದೆ ಹೋಗು, ಬಲಕ್ಕೆ ತಿರುಗು, ಮತ್ತೆ ಮುಂದೆ ಹೋಗು. ಆಮೆ ನಡೆದ ದಾರಿ ಚಿತ್ರವಾಗುತ್ತದೆ. ಚೌಕ ಬಿಡಿಸಲು ಎಷ್ಟು ಸಲ ತಿರುಗಬೇಕು, ಪ್ರತಿ ಸಲ ಎಷ್ಟು ಡಿಗ್ರಿ ಎಂದು ಯೋಚಿಸುತ್ತ ಮಗು ರೇಖಾಗಣಿತದೊಳಗೆ ಕಾಲಿಡುತ್ತದೆ. ಚೌಕ ಸೊಟ್ಟಗಾದರೆ ಯಾರೂ ಅಂಕ ಕಳೆಯುವುದಿಲ್ಲ. ಎಲ್ಲಿ ಎಡವಿತು ಎಂದು ಮಗುವೇ ಹುಡುಕಿ ತಿದ್ದುತ್ತದೆ. ಚಂದದ ಕಲ್ಪನೆಯೇನೋ ಹೌದು. ಆದರೆ ಇದಕ್ಕೆ ಪಕ್ಕದಲ್ಲಿ ನಿಂತು ‘ಹಾಗಾದರೆ ತ್ರಿಕೋನ ಬಿಡಿಸಲು ಏನು ಮಾಡ್ತೀಯ?’ ಎಂದು ಕೇಳುವ ಶಿಕ್ಷಕರು ಬೇಕು. ಅಂಥ ಶಿಕ್ಷಕರನ್ನು ತಯಾರು ಮಾಡುವ ಕೆಲಸ ಯಂತ್ರಗಳನ್ನು ಹಂಚುವಷ್ಟು ಸುಲಭವಾಗಿರಲಿಲ್ಲ.

ಭಾರತಕ್ಕೆ ಬಂದ ಯಂತ್ರಗಳು

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಸರ್ಕಾರದ ಮೂಲಕ ಬಂದದ್ದು 1984-85ರಲ್ಲಿ, ‘ಕ್ಲಾಸ್’ ಎಂಬ ಯೋಜನೆಯಡಿ. ಬ್ರಿಟನ್ನಿನ ಶಾಲೆಗಳಲ್ಲಿ ಜನಪ್ರಿಯವಾಗಿದ್ದ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ತರಿಸಿ ಪ್ರೌಢಶಾಲೆಗಳಿಗೆ ಹಂಚಲಾಯಿತು. ಕ್ರಮೇಣ 12,000ದಷ್ಟು ಯಂತ್ರಗಳು ಶಾಲೆಗಳನ್ನು ತಲುಪಿದವು. ಆದರೆ ಯಂತ್ರ ಮಾತನಾಡುತ್ತಿದ್ದುದು ಇಂಗ್ಲಿಷ್. ಕನ್ನಡದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಓದುತ್ತಿದ್ದ ಬಹುಪಾಲು ಮಕ್ಕಳಿಗೆ ಪಾಠಕ್ಕಿಂತ ಮೊದಲು ಪರದೆಯ ಮೇಲಿನ ಭಾಷೆಯೇ ಅಡ್ಡ ನಿಂತಿತು.

ಇದಕ್ಕೂ ಮುಂಚೆ ಕರ್ನಾಟಕದ ಹಳ್ಳಿಗಳು ಇನ್ನೊಂದು ಬಗೆಯ ಪ್ರಯೋಗ ಕಂಡಿದ್ದವು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮಗಳು ಬಂದವು. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗದಲ್ಲಿ ಕಾರ್ಯಕ್ರಮಗಳು ಕನ್ನಡದಲ್ಲೇ ಇದ್ದವು ಎಂಬುದು ಮುಖ್ಯ. ಮಕ್ಕಳಿಗೆ ಪಾಠ, ದೊಡ್ಡವರಿಗೆ ಕೃಷಿ ಮತ್ತು ಆರೋಗ್ಯದ ತಿಳಿವಳಿಕೆ, ಜೊತೆಗೆ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಅದರಲ್ಲಿತ್ತು. ವರ್ಷ ಮುಗಿದೊಡನೆ ಉಪಗ್ರಹದ ಸೇವೆ ನಿಂತಿತು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಇಸ್ರೋ ಶ್ರೀಹರಿಕೋಟಾದಿಂದ ಹಾರಿಸಿತು. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳು ಅದರ ಆರಂಭದ ಪ್ರಯೋಗಗಳಿಗೆ ನೆಲೆಯಾದವು. ಆ ಉಪಗ್ರಹ 2010ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾಯಿತು. ಉಪಗ್ರಹಕ್ಕೆ ಆಯುಸ್ಸು ಇರುವುದು ಸಹಜ. ಆದರೆ ಒಂದು ತಂತ್ರಜ್ಞಾನ ಶಾಲೆಯಿಂದ ಹೊರನಡೆದಾಗ ಅಲ್ಲಿ ಏನು ಉಳಿಯುತ್ತದೆ? ಶಿಕ್ಷಕರ ಕೈಯಲ್ಲಿ ಹೊಸ ವಿದ್ಯೆ ಉಳಿದರೆ ಹಣ ಸಾರ್ಥಕವಾಯಿತು. ಮಾಡಿನ ಮೇಲೆ ತುಕ್ಕು ಹಿಡಿದ ತಟ್ಟೆಯಷ್ಟೇ ಉಳಿದರೆ ಏನೂ ಉಳಿದಂತಾಗಲಿಲ್ಲ.

2001ರ ಸುಮಾರಿಗೆ ಕರ್ನಾಟಕ ಮತ್ತು ಕೇರಳ ಎರಡೂ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತರಲು ಹೊರಟವು. ಕರ್ನಾಟಕದ ‘ಮಾಹಿತಿ ಸಿಂಧು’ ಯೋಜನೆ ಒಂದು ಸಾವಿರ ಪ್ರೌಢಶಾಲೆಗಳನ್ನು ಆರಿಸಿಕೊಂಡು, ಕಲಿಸುವ ಹೊಣೆಯನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಯ ಮೇಲೆ ವಹಿಸಿತು. ಕೇರಳ ತನ್ನ ಶಾಲಾ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರಲ್ಲಿ ಕೆಲವರನ್ನು ಇತರ ಶಿಕ್ಷಕರ ತರಬೇತುದಾರರನ್ನಾಗಿ ಮಾಡಿತು. ಮುಂದೆ ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶಕ್ಕೂ ಬದಲಾಯಿಸಿಕೊಂಡಿತು. ಗುತ್ತಿಗೆಯ ಪದ್ಧತಿಯಲ್ಲಿ ಅವಧಿ ಮುಗಿದಾಗ ಬೋಧಕರ ಕೆಲಸವೂ ಮುಗಿಯುತ್ತದೆ. ಶಿಕ್ಷಕರೇ ಕಲಿತರೆ ಕಲಿಕೆ ಶಾಲೆಯಲ್ಲೇ ಉಳಿಯುತ್ತದೆ, ವರ್ಗವಾಗಿ ಹೋದರೆ ಇನ್ನೊಂದು ಶಾಲೆಗೂ ಹೋಗುತ್ತದೆ.

ಅಳೆದು ನೋಡಿದಾಗ

ಕಂಪ್ಯೂಟರ್ ಇದ್ದರೆ ಮಕ್ಕಳು ಹೆಚ್ಚು ಕಲಿಯುತ್ತಾರೆಯೇ? ಈ ಪ್ರಶ್ನೆಗೆ ಬಹಳ ಕಾಲ ಉತ್ಸಾಹದ ಮಾತುಗಳೇ ಉತ್ತರವಾಗಿದ್ದವು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ಅಳೆಯತೊಡಗಿದ್ದಾರೆ. ವಿಧಾನ ಸರಳ. ಚೀಟಿ ಎತ್ತಿದಂತೆ ಕೆಲವು ಶಾಲೆ ಅಥವಾ ಮಕ್ಕಳನ್ನು ಆರಿಸಿ ಅವರಿಗೆ ಯಂತ್ರ ಕೊಡುವುದು, ಉಳಿದವರಿಗೆ ಕೊಡದಿರುವುದು, ಕೊನೆಗೆ ಇಬ್ಬರಿಗೂ ಒಂದೇ ಪರೀಕ್ಷೆ ಇಡುವುದು.

ಇಂಥ ಪ್ರಯೋಗಗಳಲ್ಲಿ ಗುಜರಾತಿನ ಎರಡು ಬಹಳ ಮುಖ್ಯ. ಮೊದಲನೆಯದು ವಡೋದರಾ ನಗರದ್ದು. ಅಲ್ಲಿನ ಪಾಲಿಕೆ ಶಾಲೆಗಳಿಗೆ ರಾಜ್ಯ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. 2002ರಲ್ಲಿ ‘ಪ್ರಥಮ್’ ಸಂಸ್ಥೆಯವರು ಹೋಗಿ ನೋಡಿದಾಗ, ನಡೆಸಬಲ್ಲವರಿಲ್ಲದೆ ಅವುಗಳಲ್ಲಿ ಹೆಚ್ಚಿನವು ಪೆಟ್ಟಿಗೆಯಿಂದ ಹೊರಗೇ ಬಂದಂತಿರಲಿಲ್ಲ. ಸಂಸ್ಥೆ ಸ್ಥಳೀಯ ಯುವಜನರಿಗೆ ತರಬೇತಿ ಕೊಟ್ಟು, ನಾಲ್ಕನೆಯ ತರಗತಿಯ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿತು. ಗಣಿತದ ಅಂಕಗಳು ಗಣನೀಯವಾಗಿ ಏರಿದವು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದನ್ನು ಅಧ್ಯಯನ ಮಾಡಿದವರಲ್ಲಿ ಇದ್ದರು. ಅವರೇ ದಾಖಲಿಸಿದಂತೆ, ಆಟ ನಿಂತ ಒಂದು ವರ್ಷದ ನಂತರ ಆ ಲಾಭದ ಬಹುಪಾಲು ಕರಗಿಹೋಗಿತ್ತು.

ಎರಡನೆಯ ಪ್ರಯೋಗ ಇನ್ನೂ ಕುತೂಹಲಕರ. ಗುಜರಾತಿನಲ್ಲಿ ಬಡಮಕ್ಕಳಿಗಾಗಿ ಶಾಲೆ ನಡೆಸುವ ‘ಜ್ಞಾನಶಾಲಾ’ ಎಂಬ ಸಂಸ್ಥೆಯಲ್ಲಿ ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಈ ಅಧ್ಯಯನ 2008ರಲ್ಲಿ ಹೊರಬಂತು. ಗಣಿತದ ಅಭ್ಯಾಸಕ್ಕೆ ಕಂಪ್ಯೂಟರನ್ನು ಎರಡು ರೀತಿಯಲ್ಲಿ ಬಳಸಲಾಯಿತು. ಕೆಲವು ಕಡೆ ಶಾಲೆಯ ಅವಧಿಯಲ್ಲೇ, ಶಿಕ್ಷಕರ ಪಾಠದ ಒಂದಿಷ್ಟು ಸಮಯವನ್ನು ತೆಗೆದು ಕಂಪ್ಯೂಟರಿಗೆ ಕೊಡಲಾಯಿತು. ಉಳಿದ ಕಡೆ ಪಾಠ ಎಂದಿನಂತೆ ನಡೆದು, ಶಾಲೆಯ ಹೊತ್ತಿನ ಆಚೆಗೆ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತರು. ಮೊದಲ ಗುಂಪಿನ ಮಕ್ಕಳು ಕಂಪ್ಯೂಟರನ್ನೇ ಕಾಣದ ಮಕ್ಕಳಿಗಿಂತಲೂ ಹಿಂದೆ ಬಿದ್ದರು. ಎರಡನೆಯ ಗುಂಪಿನವರು ಮುಂದೆ ಬಂದರು. ಅವರಲ್ಲೂ ಕಲಿಕೆಯಲ್ಲಿ ತೀರಾ ಹಿಂದಿದ್ದವರಿಗೆ ಲಾಭ ಹೆಚ್ಚು. ಒಂದೇ ಊರ ಸೀಮೆಯ ಮಕ್ಕಳು, ಒಂದೇ ಬಗೆಯ ಯಂತ್ರ. ಅದು ಮೇಷ್ಟರ ಕುರ್ಚಿಯಲ್ಲಿ ಕುಳಿತಾಗ ನಷ್ಟವಾಯಿತು, ಮೇಷ್ಟರ ಪಕ್ಕದಲ್ಲಿ ನಿಂತಾಗ ಲಾಭವಾಯಿತು.

ದಕ್ಷಿಣ ಅಮೆರಿಕದ ಪೆರು ದೇಶದ ಅನುಭವವನ್ನೂ ಇಲ್ಲಿ ನೆನೆಯಬಹುದು. ಅಗ್ಗದ ಲ್ಯಾಪ್‌ಟಾಪನ್ನು ಮಗುವಿಗೊಂದರಂತೆ ಹಂಚುವ ಯೋಜನೆಯಡಿ ಆ ದೇಶ ಲಕ್ಷಾಂತರ ಯಂತ್ರಗಳನ್ನು ಕೊಂಡಿತು. ಗ್ರಾಮೀಣ ಭಾಗದ 319 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಮಕ್ಕಳ ಕೈಗೆ ಯಂತ್ರ ಬಂದಿತ್ತು, ಬಳಕೆಯೂ ಹೆಚ್ಚಿತ್ತು; ಆದರೆ ಗಣಿತ ಮತ್ತು ಭಾಷೆಯ ಕಲಿಕೆ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ.

ಹಾಗೆಂದು ನಿರಾಶರಾಗಬೇಕಿಲ್ಲ. 2015ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳ 619 ಮಕ್ಕಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಆರನೆಯ ತರಗತಿಗೆ ಬಂದ ಮಕ್ಕಳಲ್ಲಿ ಅನೇಕರು ನಿಜವಾಗಿ ಮೂರು, ನಾಲ್ಕನೆಯ ತರಗತಿಯ ಮಟ್ಟದಲ್ಲಿದ್ದರು. ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರಗಳಲ್ಲಿ, ಮಗು ಎಲ್ಲಿದೆಯೋ ಅಲ್ಲಿಂದಲೇ ಲೆಕ್ಕ ಕೊಡುವ ತಂತ್ರಾಂಶದ ಮುಂದೆ ಮುಕ್ಕಾಲು ಗಂಟೆ, ನಂತರ ಸಣ್ಣ ಗುಂಪಿನಲ್ಲಿ ಒಬ್ಬ ಸಹಾಯಕ ಶಿಕ್ಷಕರೊಡನೆ ಮುಕ್ಕಾಲು ಗಂಟೆ. ಎಲ್ಲವೂ ಹಿಂದಿಯಲ್ಲಿ. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳ ಗಣಿತದ ಪ್ರಗತಿ ಇತರರದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಯಂತ್ರ ಇತ್ತು, ಪಕ್ಕದಲ್ಲಿ ಮನುಷ್ಯರಿದ್ದರು, ಭಾಷೆ ಮಕ್ಕಳದೇ ಆಗಿತ್ತು.

ಯಂತ್ರವಿಲ್ಲದೆಯೂ ನಡೆದದ್ದು

ಸ್ಕಿನ್ನರ್ ಕಂಡ ಕನಸನ್ನು ಕರ್ನಾಟಕದ ಶಿಕ್ಷಕರು ಕಂಪ್ಯೂಟರಿಲ್ಲದೆ ನನಸು ಮಾಡಲು ಹೊರಟದ್ದೂ ಉಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ‘ನಲಿ-ಕಲಿ’ಯನ್ನು ರೂಪಿಸಿದರು. ಗೋಡೆಯ ಮೇಲೆ ಕಲಿಕೆಯ ಏಣಿ, ಚಿತ್ರಗಳಿರುವ ಕಾರ್ಡುಗಳು, ಗುಂಪು ಗುಂಪಾಗಿ ಚಾಪೆಯ ಮೇಲೆ ಕುಳಿತ ಮಕ್ಕಳು. ಮಗು ಒಂದು ಮೆಟ್ಟಿಲು ಮುಗಿಸಿದರೆ ಮುಂದಿನ ಕಾರ್ಡು ತಾನೇ ಎತ್ತಿಕೊಳ್ಳುತ್ತದೆ. ಜ್ವರ ಬಂದು ಹತ್ತು ದಿನ ಶಾಲೆಗೆ ಬಾರದ ಮಗು ತಾನು ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡುತ್ತದೆ. 2009-10ರಲ್ಲಿ ಈ ಪದ್ಧತಿ ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು.

ನಲಿ-ಕಲಿಯ ಗುಣದೋಷಗಳ ಬಗ್ಗೆ ಶಿಕ್ಷಕರಲ್ಲೇ ಚರ್ಚೆಗಳಿವೆ. ಎಲ್ಲ ಕಡೆ ಅದು ಒಂದೇ ರೀತಿ ನಡೆಯುವುದಿಲ್ಲ. ಆದರೆ ಅದರಿಂದ ತಿಳಿಯುವ ಒಂದು ಅಂಶ ಈ ವಿಷಯಕ್ಕೆ ಮುಖ್ಯ. ‘ತನ್ನದೇ ವೇಗದಲ್ಲಿ ಕಲಿಕೆ’ ಎನ್ನುವುದು ಯಂತ್ರದ ಸ್ವತ್ತಲ್ಲ. ಅದು ಬೋಧನೆಯ ಒಂದು ವಿಚಾರ. ಆ ವಿಚಾರ ಶಿಕ್ಷಕರಿಗೆ ಮನವರಿಕೆಯಾಗಿದ್ದರೆ ರಟ್ಟಿನ ಕಾರ್ಡು ಕೂಡ ಕೆಲಸ ಮಾಡುತ್ತದೆ.

ಯಂತ್ರವನ್ನೇ ಪೂರ್ತಿ ನಂಬಬೇಕಾದ ಸಂದರ್ಭವೂ ಒಮ್ಮೆ ಬಂತು. 2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಪಾಠ ಮೊಬೈಲಿಗೂ ಟಿವಿಗೂ ಬಂತು. ಆದರೆ ಅದಕ್ಕೆ ಎರಡು-ಮೂರು ವರ್ಷ ಮೊದಲು, 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದುದು ಶೇಕಡಾ 4.4ರಷ್ಟು ಮನೆಗಳಲ್ಲಿ, ಇಂಟರ್ನೆಟ್ ಸೌಲಭ್ಯ ಇದ್ದುದು ಶೇಕಡಾ 15ರಷ್ಟು ಮನೆಗಳಲ್ಲಿ. ಹೊಲಕ್ಕೆ ಹೋಗುವ ಅಪ್ಪನ ಜೇಬಿನಲ್ಲಿ ಮೊಬೈಲ್ ಹೋದರೆ ಮಗುವಿನ ಶಾಲೆಯೂ ಹೋದಂತೆ. ಆ ವರ್ಷ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ‘ವಿದ್ಯಾಗಮ’ ಆರಂಭಿಸಿತು. ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಗುರುತಿಸಿ, ಶಿಕ್ಷಕರೇ ಊರೊಳಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಗಿ ಬಂತು. 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಪರದೆ ತಲುಪದ ಕಡೆಗೆ ತಲುಪಿದ್ದು ಮೇಷ್ಟರ ಕಾಲುಗಳು ಎಂಬುದನ್ನು ಆ ದಿನಗಳನ್ನು ಕಂಡ ಹಳ್ಳಿಗಳು ಮರೆಯಲಾರವು.

ಮಾತನಾಡುವ ಯಂತ್ರ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂತು. ಹಿಂದಿನ ಯಂತ್ರಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸ್ಕಿನ್ನರ್ ಪೆಟ್ಟಿಗೆಗೆ ಮಗು ಏಕೆ ತಪ್ಪಿತು ಎಂದು ಕೇಳಲು ಬರುತ್ತಿರಲಿಲ್ಲ. ಈ ಯಂತ್ರ ಕೇಳಬಲ್ಲದು. ಮಗುವಿನ ಮಾತಿಗೆ ಮಾತು ಕೊಡಬಲ್ಲದು, ಒಂದೇ ವಿಷಯವನ್ನು ಹತ್ತು ರೀತಿಯಲ್ಲಿ ಹೇಳಬಲ್ಲದು, ಹನ್ನೊಂದನೆಯ ಸಲ ಕೇಳಿದರೂ ಸಿಡುಕುವುದಿಲ್ಲ. ಮೇಷ್ಟರ ಕುರ್ಚಿಯಲ್ಲಿ ಕುಳಿತರೆ ಮೇಷ್ಟರಂತೆಯೇ ಕಾಣುವ ಮೊದಲ ಯಂತ್ರ ಇದು. ಆದ್ದರಿಂದಲೇ ಎಚ್ಚರವೂ ಹೆಚ್ಚು ಬೇಕು.

ಇದು ಕೆಲಸ ಮಾಡುವ ಬಗೆಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಕೋಟ್ಯಂತರ ಪುಟಗಳ ಬರಹವನ್ನು ಓದಿಸಿ, ಒಂದು ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಯಂತ್ರಕ್ಕೆ ಕಲಿಸಿರುತ್ತಾರೆ. ಅದರಿಂದಲೇ ಅದು ವಾಕ್ಯ ಕಟ್ಟುತ್ತದೆ, ಲೆಕ್ಕ ಬಿಡಿಸುತ್ತದೆ, ಪ್ರಬಂಧ ಬರೆಯುತ್ತದೆ. ತಿಳಿಯದ್ದನ್ನೂ ತಿಳಿದಷ್ಟೇ ಧೈರ್ಯದಿಂದ ಹೇಳಿಬಿಡುವುದುಂಟು. ದೊಡ್ಡವರಿಗೇ ಇದು ಪತ್ತೆಯಾಗುವುದು ಕಷ್ಟ. ವಿಷಯವನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಇನ್ನೂ ಕಷ್ಟ.

ಟರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದ ವಿವರಗಳು 2024ರಲ್ಲಿ ಹೊರಬಂದವು. ಗಣಿತದ ಅಭ್ಯಾಸದ ವೇಳೆ ಒಂದು ಗುಂಪಿಗೆ ಸಾಮಾನ್ಯ ಚಾಟ್ ಯಂತ್ರ ಕೊಟ್ಟರು. ಇನ್ನೊಂದು ಗುಂಪಿಗೆ, ನೇರ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ನೆರವಿನಿಂದ ಸಿದ್ಧಪಡಿಸಿದ ಯಂತ್ರ ಕೊಟ್ಟರು. ಮೂರನೆಯ ಗುಂಪಿಗೆ ಪುಸ್ತಕವಷ್ಟೇ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನ ಸಾಧನೆ ಶೇಕಡಾ 48ರಷ್ಟು, ಎರಡನೆಯದರದು ಶೇಕಡಾ 127ರಷ್ಟು ಮೇಲಿತ್ತು. ಆಮೇಲೆ ಯಂತ್ರ ಕಸಿದುಕೊಂಡು ಪರೀಕ್ಷೆ ಇಟ್ಟರು. ಮೊದಲ ಗುಂಪಿನವರು ಬರೀ ಪುಸ್ತಕ ಓದಿದವರಿಗಿಂತ ಶೇಕಡಾ 17ರಷ್ಟು ಕಡಿಮೆ ಅಂಕ ಪಡೆದರು. ಸುಳಿವಿನ ಯಂತ್ರ ಬಳಸಿದವರಿಗೆ ಆ ನಷ್ಟ ಆಗಲಿಲ್ಲ. ಹೇಳಿಕೊಳ್ಳುವಂಥ ಲಾಭವೂ ಆಗಲಿಲ್ಲ. ಯಂತ್ರದ ನೆರವಿನಿಂದ ಲೆಕ್ಕ ಬಿಡಿಸುವುದೇ ಬೇರೆ, ಲೆಕ್ಕ ಕಲಿಯುವುದೇ ಬೇರೆ ಎಂಬುದು ಇದರಿಂದ ಸ್ಪಷ್ಟ. ಗೆಳೆಯನ ಪಟ್ಟಿ ನೋಡಿ ಬರೆದವನ ಪಾಡನ್ನು ಹಳೆಯ ಮೇಷ್ಟರುಗಳು ಇಂಥ ಪ್ರಯೋಗವಿಲ್ಲದೆಯೇ ಬಲ್ಲವರಾಗಿದ್ದರು.

ಕನ್ನಡದ ಮಗು ಎಲ್ಲಿ?

ಭಾಷೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಜಾಗ ಮಾಡಿಕೊಡಲು ಅನೇಕರು ಶ್ರಮಿಸಿದ್ದಾರೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆಲ್ಲ ಆ ದಾರಿಯ ಮೈಲಿಗಲ್ಲುಗಳು. ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಸೂತ್ರದಡಿ ತರುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ, 1991ರಲ್ಲೇ, ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಅಕ್ಷರ ಮೂಡಿಸುವ ತೊಡಕು ಹೀಗೆ ಬಗೆಹರಿಯಿತು. ಇಂದಿನ ತೊಡಕು ಬೇರೆ.

ಮಾತನಾಡುವ ಯಂತ್ರ ಬರಹವನ್ನು ಓದಿ ಕಲಿಯುತ್ತದೆ. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು 4 ಕೋಟಿ 37 ಲಕ್ಷ ಜನ. ಆದರೆ ಅಂತರ್ಜಾಲದಲ್ಲಿ ಕನ್ನಡ ಬರಹ ಇಂಗ್ಲಿಷಿಗೆ ಹೋಲಿಸಿದರೆ ಬಹಳ ಕಡಿಮೆ. ವಿಕಿಪೀಡಿಯ ವಿಶ್ವಕೋಶವೊಂದನ್ನೇ ನೋಡಿದರೂ ಇಂಗ್ಲಿಷಿನಲ್ಲಿ ಸುಮಾರು 70 ಲಕ್ಷ ಲೇಖನಗಳಿದ್ದರೆ ಕನ್ನಡದಲ್ಲಿ ಇರುವುದು ಮೂವತ್ತು ಸಾವಿರದ ಆಚೀಚೆ. ಇನ್ನೊಂದು ತೊಡಕೂ ಇದೆ. ಈ ಯಂತ್ರಗಳು ಪದಗಳನ್ನು ತುಂಡು ಮಾಡಿ ಓದುತ್ತವೆ. ‘ಹೋಗಬೇಕಾಗಿರುವುದರಿಂದ’ ಎಂಬಂಥ ಕನ್ನಡದ ಒಂದು ಪದ ಹಲವು ಚೂರುಗಳಾಗುತ್ತದೆ. ಚೂರು ಹೆಚ್ಚಿದಷ್ಟೂ ಖರ್ಚು ಹೆಚ್ಚು, ಸಮಯ ಹೆಚ್ಚು. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ, ಮದ್ರಾಸ್ ಐಐಟಿಯ ‘ಎಐ4ಭಾರತ್’ ಮುಂತಾದ ಪ್ರಯತ್ನಗಳಿಂದ ಅನುವಾದ ಮತ್ತು ಧ್ವನಿ ಗುರುತಿಸುವಿಕೆಯಲ್ಲಿ ಕನ್ನಡ ಮುಂದುವರಿಯುತ್ತಿದೆ. ಆದರೆ ಶಾಲೆಗೆ ಬೇಕಾದ ಕನ್ನಡ ಅನುವಾದದ ಕನ್ನಡವಲ್ಲ. ಕಳೆಯುವ ಲೆಕ್ಕ ಹೇಳಿಕೊಡುವಾಗ ಮೇಷ್ಟರು ‘ಪಕ್ಕದ ಮನೆಯಿಂದ ಹತ್ತು ಸಾಲ ತಾ’ ಎನ್ನುತ್ತಾರೆ. ಕಲಬುರಗಿಯ ಮಗು, ಕುಂದಾಪುರದ ಮಗು, ಚಾಮರಾಜನಗರದ ಮಗು ಮನೆಯಲ್ಲಿ ಆಡುವ ಮಾತು ಪಠ್ಯಪುಸ್ತಕದ ಮಾತಿನಂತಿಲ್ಲ. ಆ ಮಾತುಗಳು ಬರಹಕ್ಕೆ ಇಳಿಯದ ತನಕ ಯಂತ್ರಕ್ಕೂ ತಿಳಿಯಲಾರವು.

ಇದನ್ನು ಕಡೆಗಣಿಸಿದರೆ ಏನಾದೀತೆಂದು ಊಹಿಸಬಹುದು. ನಗರದ ಇಂಗ್ಲಿಷ್ ಶಾಲೆಯ ಮಗುವಿಗೆ ಒಳ್ಳೆಯ ಶಿಕ್ಷಕರೂ ಒಳ್ಳೆಯ ಯಂತ್ರವೂ ಸಿಗುತ್ತವೆ. ಹಳ್ಳಿಯ ಕನ್ನಡ ಶಾಲೆಯ ಮಗುವಿಗೆ, ಖಾಲಿ ಬಿದ್ದ ಶಿಕ್ಷಕ ಹುದ್ದೆಯ ಬದಲಿಗೆ ಅರೆಬರೆ ಕನ್ನಡದ ಯಂತ್ರವೊಂದು ಸಿಗಬಹುದು. ಬಡವರ ಮಕ್ಕಳಿಗೆ ಯಂತ್ರ, ಉಳ್ಳವರ ಮಕ್ಕಳಿಗೆ ಮೇಷ್ಟ್ರು ಎಂಬ ಸ್ಥಿತಿ ಬಂದರೆ, ಅಂತರ ಕಡಿಮೆ ಮಾಡಲೆಂದು ತಂದ ತಂತ್ರಜ್ಞಾನವೇ ಅಂತರವನ್ನು ಹೆಚ್ಚಿಸಿದಂತಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಮಾಡಬೇಕಾದುದೇನು? ಶಾಲೆಯ ಬಾಗಿಲಿಗೆ ಹೊಸ ಯಂತ್ರ ಬಂದಾಗ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಪೋಷಕರು ಕೆಲವು ಸರಳ ಪ್ರಶ್ನೆಗಳನ್ನು ಕೇಳಬಹುದು. ಕಂಪ್ಯೂಟರ್ ತಿಳಿದಿರಬೇಕೆಂದೇನೂ ಇಲ್ಲ.

ಇದು ಯಾವ ಪಾಠದ ಹೊತ್ತನ್ನು ತಿನ್ನುತ್ತದೆ? ಮೇಷ್ಟರ ಪಾಠ ಕಡಿಮೆಯಾಗುವುದಾದರೆ ಗುಜರಾತಿನ ಪಾಠ ನೆನಪಿರಲಿ. ಮಗುವಿಗೆ ಉತ್ತರ ಕೊಡುತ್ತದೆಯೋ, ಉತ್ತರಕ್ಕೆ ದಾರಿ ತೋರುತ್ತದೆಯೋ? ಕನ್ನಡದಲ್ಲಿ ಪಾಠ ಹೇಳುತ್ತದೆಯೋ, ಇಂಗ್ಲಿಷಿನ ಪಾಠಕ್ಕೆ ಕನ್ನಡದ ಅಂಗಿ ತೊಡಿಸಿದೆಯೋ? ಶಿಕ್ಷಕರಿಗೆ ತರಬೇತಿ ಎಷ್ಟು ದಿನ, ಅದು ಒಂದೇ ಸಲವೋ ವರ್ಷವರ್ಷವೋ? ಕೆಟ್ಟರೆ ರಿಪೇರಿ ಯಾರದು, ಕರೆಂಟ್ ಬಿಲ್ಲು ಯಾರದು? ಮಗು ಬರೆದದ್ದು, ಆಡಿದ್ದು, ತಪ್ಪಿದ್ದು ಎಲ್ಲ ಎಲ್ಲಿ ದಾಖಲಾಗುತ್ತದೆ, ಅದನ್ನು ಯಾರು ನೋಡುತ್ತಾರೆ? ಹದಿನೆಂಟು ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂಬ ತತ್ತ್ವವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಕೊಂಡಿದೆ. ಆದರೆ ಒಪ್ಪಿಗೆ ಕೊಡುವವರಿಗೆ ಯಾವುದಕ್ಕೆ ಒಪ್ಪುತ್ತಿದ್ದೇವೆಂದು ಅವರ ಭಾಷೆಯಲ್ಲಿ ತಿಳಿಸಿ ಹೇಳಿದರೆ ಮಾತ್ರ ಅದಕ್ಕೆ ಅರ್ಥ.

ಯಂತ್ರದಿಂದ ಶಿಕ್ಷಕರಿಗೆ ಆಗಬಹುದಾದ ನಿಜವಾದ ಉಪಕಾರಗಳೂ ಇವೆ. ನಲವತ್ತು ಉತ್ತರ ಪತ್ರಿಕೆಗಳನ್ನು ನೋಡಿ ಯಾವ ಮಗು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂದು ಪಟ್ಟಿ ಮಾಡಿಕೊಡಬಹುದು. ಒಂದೇ ಲೆಕ್ಕವನ್ನು ಮೂರು ಮಟ್ಟದಲ್ಲಿ ಬರೆದುಕೊಡಬಹುದು. ಮೇಲಿನ ಕಚೇರಿ ಕೇಳುವ ಅಂಕಿ-ಅಂಶಗಳನ್ನು ತುಂಬುವ ಹೊರೆಯನ್ನು ಇಳಿಸಿ ಮೇಷ್ಟರನ್ನು ತರಗತಿಗೆ ಹಿಂತಿರುಗಿಸಬಹುದು. ಕಣ್ಣು ಕಾಣದ ಮಗುವಿಗೆ ಪುಸ್ತಕ ಓದಿ ಹೇಳಬಹುದು, ಕಿವಿ ಕೇಳದ ಮಗುವಿಗೆ ಮಾತನ್ನು ಅಕ್ಷರವಾಗಿಸಬಹುದು. ಇವೆಲ್ಲ ಪಕ್ಕದಲ್ಲಿ ನಿಂತು ಮಾಡುವ ಕೆಲಸಗಳು.

ಕೊನೆಗೆ, 1953ರ ಆ ತರಗತಿಗೆ ಮತ್ತೊಮ್ಮೆ ಹೋಗಿ ಬರಬಹುದು. ಸ್ಕಿನ್ನರ್ ಎರಡು ಕೊರತೆಗಳನ್ನು ಸರಿಯಾಗಿಯೇ ಗುರುತಿಸಿದ್ದರು. ಆದರೆ ಅದೇ ಕೋಣೆಯಲ್ಲಿದ್ದ ಇನ್ನೊಂದು ಸಂಗತಿಯನ್ನು ಅವರ ಪೆಟ್ಟಿಗೆಯೊಳಗೆ ಹಾಕಲು ಸಾಧ್ಯವಿರಲಿಲ್ಲ. ಮಗು ಸ್ಲೇಟು ಎತ್ತಿ ತೋರಿಸುವುದು ಉತ್ತರ ಸರಿಯೋ ಎಂದು ತಿಳಿಯಲು ಮಾತ್ರವಲ್ಲ. ಸರಿಯಾದರೆ ಮೇಷ್ಟ್ರು ಹಿಗ್ಗುತ್ತಾರೆ, ತಪ್ಪಾದರೆ ‘ಬಾ ಇಲ್ಲಿ, ಏನಾಯ್ತು ನೋಡೋಣ’ ಎಂದು ಕರೆಯುತ್ತಾರೆ, ನಾಲ್ಕು ದಿನ ಬಾರದಿದ್ದರೆ ಮನೆಗೆ ಹೇಳಿ ಕಳಿಸುತ್ತಾರೆ ಎಂಬುದು ಮಗುವಿಗೆ ಗೊತ್ತು. ಆ ಭರವಸೆಯಿಂದಲೇ ಅದು ಮಾರನೆಯ ದಿನವೂ ಪಾಟಿಚೀಲ ಹೆಗಲಿಗೇರಿಸಿಕೊಂಡು ಹೊರಡುತ್ತದೆ. ಮುಂದಿನ ದಿನಗಳಲ್ಲಿ ಶಾಲೆಗೆ ಎಂಥ ಯಂತ್ರವೇ ಬರಲಿ, ಸ್ವಾಗತಿಸೋಣ. ಆದರೆ ಅದನ್ನು ಕೂರಿಸುವ ಮೊದಲು ಮೇಷ್ಟರ ಕುರ್ಚಿಯಲ್ಲಿ ಮೇಷ್ಟರಿದ್ದಾರೆಯೇ ಎಂದು ನೋಡೋಣ.